ಕ್ಯಾಪಿಂಗ್ ಏಜೆಂಟ್‌ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಅಪಕರ್ಷಣದ ಬಗ್ಗೆ ಒಂದು ತಕರಾರು

ಎಲ್ರಿಗೂ ನಮಸ್ಕಾರ. ಗಿಡದ ಎಲೆ ಬಳಸಿ ಸತುವಿನ ಆಕ್ಸೈಡ್ ನ್ಯಾನೋಕಣ ಮಾಡೋದು, ಅದರ ವೈದ್ಯಕೀಯ ಉಪಯೋಗ, ಇದರ ಮೇಲೆ ಹೈಸ್ಕೂಲ್ ವಿಜ್ಞಾನ ಓದಿರೋರಿಗೆ ಅರ್ಥ ಆಗೋ ಹಾಗೆ ಬರೀತಾ ಇದೀನಿ, ಎರಡು ಪದದ ಹತ್ರ ಲೇಖನ ನಿಂತುಬಿಟ್ಟಿದೆ.

ರಿಡಕ್ಷನ್‌ಗೆ, ಅಂದ್ರೆ ಎಲೆಕ್ಟ್ರಾನ್ ಪಡೆಯೋ ಕ್ರಿಯೆಗೆ, ಪಠ್ಯದಲ್ಲಿ ಅಪಕರ್ಷಣ ಅಂತಿದೆ, ಪದ ಚೆನ್ನಾಗೇ ಇದೆ. ಬೆಳ್ಳಿ ಕಣಕ್ಕೆ ಸರಿಯಾಗಿ ಹೊಂದುತ್ತೆ, ಯಾಕಂದ್ರೆ ಎಲೆಯಲ್ಲಿರೋ ಫೀನಾಲ್‌ಗಳು ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನ ಲೋಹ ಮಾಡ್ತವೆ, ದ್ರಾವಣ ಕಂದು ಬಣ್ಣಕ್ಕೆ ತಿರುಗೋದು ಕಣ್ಣಿಗೇ ಕಾಣುತ್ತೆ. ಆದ್ರೆ ಇದೇ ಪದನ ಸತುವಿಗೂ ಎಳ್ಕೊಂಡ್ ಬರೋದು ತಪ್ಪು. ಶುರುವಿನಲ್ಲಿ ತಗೊಳ್ಳೋ ಸತುವಿನ ನೈಟ್ರೇಟ್ ದ್ರಾವಣದಲ್ಲಿ ಸತುವಿನ ಉತ್ಕರ್ಷಣ ಸ್ಥಿತಿ +2, ಕೊನೆಗೆ ಆಕ್ಸೈಡ್ ಆದಾಗ್ಲೂ +2, ಎಲೆಕ್ಟ್ರಾನ್ ಪಡೆದೇ ಇಲ್ಲ, ಎಲ್ಲಿ ಬಂತು ಅಪಕರ್ಷಣ? ಎಲೆಯಲ್ಲಿರೋ ಫ್ಲೇವನಾಯ್ಡ್ ಅನ್ನೋ ಸಸ್ಯ ಸಂಯುಕ್ತಗಳು ಸತುವಿನ ಅಯಾನನ್ನ ಹಿಡ್ಕೊಳ್ತವೆ, ಕಾಯಿಸ್ತಾ ಹೋದ್ರೆ ಗಟ್ಟಿಯಾಗಿ ಬಿಳಿ ಇಲ್ಲಾ ತೆಳು ಹಳದಿ ಪೇಸ್ಟ್ ಥರ ಆಗುತ್ತೆ, ಅದನ್ನ ಸಾಮಾನ್ಯವಾಗಿ 400-500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಆಕ್ಸೈಡ್ ಸಿಗುತ್ತೆ. ಅದಕ್ಕೇ ನಾನು 'ಎಲೆಯ ಸಾರ ಸತುವನ್ನು ಹಿಡಿದಿಡುತ್ತದೆ' ಅಂತಲೇ ಬರ್ದಿದೀನಿ. ಇದಕ್ಕಿಂತ ಚುರುಕಾದ ಕ್ರಿಯಾಪದ ಇದ್ರೆ ಹೇಳಿ.

ನಿಜವಾದ ಕಷ್ಟ ಕ್ಯಾಪಿಂಗ್ ಏಜೆಂಟ್‌ದು. ಕಣ ಬೆಳೀತಾ ಇರೋವಾಗ ಸುತ್ತ ಕೂತು ಒಂದಕ್ಕೊಂದು ಅಂಟದ ಹಾಗೆ, 100 ನ್ಯಾನೋಮೀಟರ್ ದಾಟದ ಹಾಗೆ ನೋಡ್ಕೊಳ್ಳೋ ಅಣುಗಳು ಇವು. ಮುಚ್ಚಳ ಅಂದ್ರೆ ಮೇಲೆ ಮಾತ್ರ ಮುಚ್ಚಿದ ಹಾಗಾಯ್ತು. ಹೊದಿಕೆ ನಂಗಿಷ್ಟ, ಆದ್ರೆ ಅಷ್ಟು ಬಿಸೀಲಿ ಸುಟ್ಟ ಮೇಲೆ ಆ ಸಾವಯವ ಹೊದಿಕೆ ಬಹುಪಾಲು ಉರಿದುಹೋಗಿರುತ್ತೆ. ಓದೋರು ಮಾತ್ರ ಗಿಡದ ಔಷಧಿ ಗುಣ ಕಣದ ಮೇಲೆ ಹಾಗೇ ಕೂತಿದೆ ಅಂದ್ಕೋತಾರೆ, ಬ್ಯಾಕ್ಟೀರಿಯಾ ಸಾಯೋದು ಗಿಡದಿಂದ್ಲೇ ಅಂತ ನಂಬಿಬಿಡ್ತಾರೆ. ಅಲ್ಲಿ ಮುಖ್ಯವಾಗಿ ಕೆಲಸ ಮಾಡೋದು ಕಣದಿಂದ ಕರಗಿ ಬರೋ ಸತುವಿನ ಅಯಾನು, ಮತ್ತೆ ಅದರ ಮೇಲ್ಮೈಲಿ ಹುಟ್ಟೋ ಚುರುಕು ಆಕ್ಸಿಜನ್ ರೂಪಗಳು (ಬೇರೆ ಅಣುಗಳ ಜೊತೆ ಬೇಗ ವರ್ತಿಸೋ ಆಕ್ಸಿಜನ್, ರಿಯಾಕ್ಟಿವ್ ಆಕ್ಸಿಜನ್ ಸ್ಪೀಶೀಸ್). ಔಷಧಿ ವಿಷ್ಯದಲ್ಲಿ ಇಂಥ ತಪ್ಪು ತಿಳುವಳಿಕೆ ಹಬ್ಬಬಾರ್ದು, ಅದಕ್ಕೇ ಇಷ್ಟು ಪಟ್ಟು ಹಿಡೀತಿರೋದು.

ಗಡ್ಡೆತಡೆ ಅನ್ನೋಣ ಅಂದ್ರೆ ಕ್ಯಾನ್ಸರ್ ಮಾತು ಬರೋ ಲೇಖನದಲ್ಲಿ ಅರ್ಥವೇ ಬೇರೆ ಆಗುತ್ತೆ. ಈಗ ಅಂಟುತಡೆ ಅಂತ ಹಾಕಿದೀನಿ, ಸಮಾಸ ಕಿವಿಗೆ ಹಿತವಾಗಿದ್ಯಾ, ಇಲ್ಲಾ ಕ್ಯಾಪಿಂಗ್ ಅಂತಲೇ ಬಿಟ್ಟು ಒಂದು ಸಾಲಲ್ಲಿ ವಿವರಿಸೋದು ಮೇಲಾ?