ಅವ್ವನ ಮಾತ್ರೆ ನಿಲ್ಲಿಸಿದ ಫಾರ್ವರ್ಡ್

ಗದಗ ಕಾಕಾ: ಎಲ್ಲರೂ ಓದಿ!! "ಕ್ಯಾಲ್ಸಿಯಂ ಜಾಸ್ತಿಯಾದರೆ ಜೀವಕೋಶದ ಪವರ್ ಹೌಸ್ ತೂತಾಗಿ ಕೋಶ ಸಾಯುತ್ತದೆ. ಮಾತ್ರೆ ಇಂದೇ ಬಿಡಿ. ಹತ್ತು ಜನಕ್ಕೆ ಕಳಿಸಿ."

ಹುಬ್ಬಳ್ಳಿ ಅತ್ತೆ: ಕಳಿಸಿದ್ದು ಸಾಕು. ಇದನ್ನು ಓದಿ ಅವ್ವ ಮೂರು ದಿನದಿಂದ ಮಾತ್ರೆ ಮುಟ್ಟಿಲ್ಲ. ಮೂಳೆ ಸವೆದಿದೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದು.

ನಾನು: ಕಾಕಾ, ಮೊದಲ ಸಾಲು ಸುಳ್ಳಲ್ಲ, ಅದೇ ತಲೆನೋವು. ಕೋಶದೊಳಗೆ ಬಿಡಿಯಾಗಿರುವ ಕ್ಯಾಲ್ಸಿಯಂ ಹೊರಗಿನದರ ಸುಮಾರು 10,000ದಲ್ಲಿ ಒಂದು ಪಾಲು ಅಷ್ಟೇ. ನುಗ್ಗಿದ್ದನ್ನು ಪಂಪುಗಳು ಹೊರಗೆ ಹಾಕುತ್ತಲೇ ಇರುತ್ತವೆ, ಅದಕ್ಕೆ ಎಟಿಪಿ, ಅಂದರೆ ಕೋಶದ ಇಂಧನ, ಬೇಕು. ಪಂಪು ಸೋತರೆ ಮೈಟೊಕಾಂಡ್ರಿಯ, ಅಂದರೆ ನೀವು ಹೇಳಿದ ಪವರ್ ಹೌಸ್, ಆ ಕ್ಯಾಲ್ಸಿಯಂ ನುಂಗುತ್ತದೆ, ಯಾಕಂದರೆ ಅದರ ಒಳಗಡೆ ಮೈನಸ್, ಕ್ಯಾಲ್ಸಿಯಂ ಪ್ಲಸ್. ಮಿತಿ ಮೀರಿತು ಅಂದರೆ ಒಳಪೊರೆಯಲ್ಲಿ ಒಂದು ರಂಧ್ರ ತೆರೆದು 1500 ಡಾಲ್ಟನ್ (ಅಣುಗಳನ್ನು ತೂಗುವ ಅಳತೆ) ವರೆಗಿನ ಕಣಗಳಿಗೆಲ್ಲ ದಾರಿಯಾಗುತ್ತದೆ. ವೋಲ್ಟೇಜ್ ಬೀಳುತ್ತದೆ. ಎಟಿಪಿ ಮಾಡುವ ಯಂತ್ರ ಉಲ್ಟಾ ತಿರುಗಿ ಇದ್ದ ಎಟಿಪಿಯನ್ನೇ ತಿನ್ನುತ್ತದೆ. ನೀರು ನುಗ್ಗಿ ಉಬ್ಬುತ್ತದೆ. ಒಳಪೊರೆ ಮಡಿಕೆ ಮಡಿಕೆಯಾಗಿರುವುದರಿಂದ ಹಿಗ್ಗುತ್ತದೆ, ಹೊರಪೊರೆ ಮಾತ್ರ ನೆನೆಹಾಕಿದ ಮಡಕಿ ಕಾಳಿನ ಸಿಪ್ಪೆಯಂತೆ ಹರಿಯುತ್ತದೆ. ಸೈಟೊಕ್ರೋಮ್ ಸಿ ಅನ್ನುವ ಪ್ರೋಟೀನ್ ಹೊರಗೆ ಸೋರುತ್ತದೆ, ಅದು ಕೋಶಕ್ಕೆ ಸಾಯುವ ಸೂಚನೆ. ಎಟಿಪಿ ಉಳಿದಿದ್ದರೆ ಕೋಶ ತಾನಾಗಿ ಅಚ್ಚುಕಟ್ಟಾಗಿ ಕಳಚಿಕೊಂಡು ಸಾಯಬಹುದು, ಖಾಲಿಯಾಗಿದ್ದರೆ ಒಡೆದು ಸಾಯುತ್ತದೆ.

ಗದಗ ಕಾಕಾ: ಅಂದರೆ ನಾನು ಹೇಳಿದ್ದೇ ಸರಿ ಅಲ್ವಾ 😀

ನಾನು: ಕೋಶದ ಮಟ್ಟಿಗೆ ಸರಿ, ಮಾತ್ರೆ ಮಟ್ಟಿಗೆ ತಪ್ಪು. ಮಾತ್ರೆ ಹೋಗುವುದು ಹೊಟ್ಟೆಗೆ, ಅಲ್ಲಿಂದ ರಕ್ತಕ್ಕೆ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಲೆಕ್ಕ ನೋಡುತ್ತವೆ, ಹೆಚ್ಚಾದದ್ದನ್ನು ಕಿಡ್ನಿ ಸಾಗಹಾಕುತ್ತದೆ. ಕೋಶದ ಹೊರಗೆ ಕ್ಯಾಲ್ಸಿಯಂ ಯಾವತ್ತೂ ತುಂಬಿಕೊಂಡೇ ಇರುತ್ತದೆ, ಒಳಗೆ ನುಗ್ಗಬೇಕಾದರೆ ಬಾಗಿಲು ಕೆಡಬೇಕು. ಕಿಡ್ನಿ ಕಲ್ಲಿನವರು, ಡಿ ವಿಟಮಿನ್ ಮನಸ್ಸಿಗೆ ಬಂದಷ್ಟು ನುಂಗುವವರು ಡಾಕ್ಟರನ್ನು ಕೇಳಲಿ, ಅದು ಬೇರೆ ಮಾತು. ನೀವು ಎಲೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ, ಅದನ್ನು ಯಾಕೆ ಬಿಟ್ಟಿಲ್ಲ?

ಹುಬ್ಬಳ್ಳಿ ಅತ್ತೆ: 😂😂

ಹಾವೇರಿ ಮಾಮಾ: ಬಾಗಿಲು ಯಾವಾಗ ಕೆಡುತ್ತದೆ?

ನಾನು: ಹಾರ್ಟ್ ಅಟ್ಯಾಕ್ ಆದಾಗ. ರಕ್ತ ನಿಂತಾಗ ಕೋಶದೊಳಗೆ ಆಸಿಡ್ ಹೆಚ್ಚುತ್ತದೆ, ವಿಚಿತ್ರ ಅಂದರೆ ಆ ಆಸಿಡ್ಡೇ ರಂಧ್ರವನ್ನು ಮುಚ್ಚಿ ಹಿಡಿದಿರುತ್ತದೆ. ಬ್ಲಾಕ್ ತೆಗೆದು ರಕ್ತ ಹರಿದ ಮೊದಲ ನಿಮಿಷಗಳಲ್ಲಿ ಆಸಿಡ್ ತೊಳೆದುಹೋಗಿ, ಕ್ಯಾಲ್ಸಿಯಂ ನುಗ್ಗಿ ರಂಧ್ರ ತೆರೆಯುತ್ತದೆ.

ಹಾವೇರಿ ಮಾಮಾ: ನಮ್ಮ ಬೋರಿನ ಮೋಟರ್ ಕಥೆ. ಕರೆಂಟ್ ಹೋದಾಗ ಏನೂ ಆಗಲ್ಲ, ರಾತ್ರಿ ಎರಡಕ್ಕೆ ಜಿಗಿದು ಬಂದಾಗ ಸುಡುತ್ತದೆ. ಈ ವರ್ಷ ಎರಡು ಸಲ ವೈಂಡಿಂಗ್ ಮಾಡಿಸಿದೆ.

ನಾನು: ಅದೇ. ಆದರೂ ಬ್ಲಾಕ್ ಬೇಗ ತೆಗೆಸಲೇಬೇಕು, ರಕ್ತ ಸಿಗದಿದ್ದರೆ ಕೋಶ ಹೇಗೂ ಸಾಯುತ್ತದೆ.

ಗದಗ ಕಾಕಾ: ರಂಧ್ರ ಮುಚ್ಚಲು ಔಷಧಿ ಇಲ್ವಾ?

ನಾನು: ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಲ್ಯಾಬಿನಲ್ಲಿ ಅದನ್ನು ತಡೆಯುತ್ತದೆ. 2015ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲಿ ಹಾರ್ಟ್ ಅಟ್ಯಾಕ್ ರೋಗಿಗಳಿಗೆ ಲಾಭವಾಗಲಿಲ್ಲ. ರಂಧ್ರ ಯಾವ ಪ್ರೋಟೀನಿನದು ಅಂತ ವಿಜ್ಞಾನಿಗಳು ಇನ್ನೂ ಕಿತ್ತಾಡುತ್ತಿದ್ದಾರೆ, ನಮ್ಮ ಗುಂಪಿನ ಹಾಗೆ.

ಗದಗ ಕಾಕಾ: ಸರಿ ಮಾರಾಯ, ಡಿಲೀಟ್ ಮಾಡ್ತೀನಿ. ಆದರೆ ಹತ್ತು ಜನಕ್ಕೆ ಆಗಲೇ ಹೋಗಿದೆ.

ಹುಬ್ಬಳ್ಳಿ ಅತ್ತೆ: ಮಾತ್ರೆ ಶೀಟು ಸಿಕ್ಕಿತು, ಜೋಳದ ಹಿಟ್ಟಿನ ಡಬ್ಬಿ ಹಿಂದೆ ಬಚ್ಚಿಟ್ಟಿದ್ದಾಳೆ. ಅವ್ವ ನನ್ನ ಮಾತು ಕೇಳಲ್ಲ. ಕಳಿಸಿದವರೇ ಫೋನ್ ಮಾಡಿ ಹೇಳಲಿ.