ಮಳೆ ಹಿಡಿದಾಗಿನಿಂದ ಎಲ್‌ಇಡಿ ಟಿವಿ ಮಿಣುಕುತ್ತಿದೆ, ಸೌಂಡ್ ಸರಿ ಇದೆ. ಎಲ್ಲಿಂದ ಚೆಕ್ ಮಾಡಲಿ?

ಹೊಸನಗರ ತೋಟದಮನೆ:
32 ಇಂಚಿನ ಎಲ್‌ಇಡಿ ಟಿವಿ, ತಗೊಂಡು ಆರು ವರ್ಷ. ಆರಿದ್ರೆ ಮಳೆ ಹಿಡಿದಾಗಿನಿಂದ ಆನ್ ಮಾಡಿದ ಕೂಡಲೇ ಸ್ಕ್ರೀನ್ ಮಿಣಮಿಣ ಅನ್ನುತ್ತದೆ. ಹತ್ತು ಹದಿನೈದು ನಿಮಿಷ ಕಳೆದರೆ ತಾನಾಗಿಯೇ ನಿಲ್ಲುತ್ತದೆ. ಸಂಜೆ ಏಳರ ಮೇಲೆ ಜಾಸ್ತಿ. ಡಿಶ್ ಇದೆ, ಮನೆಗೆ ಇನ್ವರ್ಟರ್ ಇದೆ, ಟಿವಿಗೆ ಬೇರೆ ಸ್ಟೆಬಿಲೈಸರ್ ಇದೆ. ರಿಪೇರಿಯವರು ಬಿಚ್ಚಿಯೂ ನೋಡದೆ "ಪ್ಯಾನೆಲ್ ಹೋಗಿದೆ" ಅಂದರು. ಪ್ಯಾನೆಲ್ಲೇ, ಅಂದರೆ ಚಿತ್ರ ಮೂಡಿಸುವ ಗಾಜೇ, ಹೋಗಿದ್ದರೆ ಬಿಸಿಯಾದ ಮೇಲೆ ಸರಿಹೋಗುತ್ತದಾ? ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಎರಡೂ ಇವೆ, ಬಳಸಲು ಬರುತ್ತದೆ.

ಸಾಗರದ ಮೆಕ್ಯಾನಿಕ್:
ನಿಮ್ಮ ಅನುಮಾನ ಸರಿ. ಪ್ಯಾನೆಲ್ ಹೋದರೆ ಸಾಮಾನ್ಯವಾಗಿ ಉದ್ದುದ್ದ ಗೆರೆ ಬರುತ್ತದೆ, ಅರ್ಧ ಸ್ಕ್ರೀನ್ ಬೆಳ್ಳಗಾಗುತ್ತದೆ, ಬಣ್ಣ ಕೆಡುತ್ತದೆ. ಇಡೀ ಸ್ಕ್ರೀನಿನ ಬೆಳಕು ಒಂದೇ ಸಮ ಮಿಣುಕುವುದು ಹೆಚ್ಚಾಗಿ ಪ್ಯಾನೆಲ್ಲಿಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಇಲ್ಲವೇ ಪವರ್ ಬೋರ್ಡಿನ ತೊಂದರೆ.

ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿ. ಮಿಣುಕುತ್ತಿರುವಾಗಲೇ ಟಿವಿಯ ಸ್ವಂತ ಮೆನು ತೆರೆಯಿರಿ, ಸೆಟ್‌ಟಾಪ್ ಬಾಕ್ಸಿನದಲ್ಲ. ಮೆನು ಗಟ್ಟಿಯಾಗಿ ನಿಂತು ಹಿಂದಿನ ಚಿತ್ರ ಮಾತ್ರ ಒದ್ದಾಡಿದರೆ ಎಚ್‌ಡಿಎಂಐ ಕೇಬಲ್ಲೋ ಬಾಕ್ಸೋ ಕಾರಣ. ಮೆನುವೂ ಮಿಣುಕಿದರೆ ತೊಂದರೆ ಟಿವಿಯೊಳಗೆ ಅಥವಾ ಅದಕ್ಕೆ ಬರುವ ಕರೆಂಟಿನಲ್ಲಿ. ಎರಡನೆಯದು, ಕೋಣೆ ಕತ್ತಲು ಮಾಡಿ, ಬೆಳಕು ಹೋದ ಕ್ಷಣ ಸ್ಕ್ರೀನಿಗೆ ಟಾರ್ಚ್ ಓರೆಯಾಗಿ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್, ಮೇನ್ ಬೋರ್ಡು ಎರಡೂ ಕೆಲಸ ಮಾಡುತ್ತಿವೆ ಅಂತ ಲೆಕ್ಕ.

ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಪವರ್ ಸೇವಿಂಗ್, ಡೈನಾಮಿಕ್ ಬ್ಯಾಕ್‌ಲೈಟ್ ಆಫ್ ಮಾಡಿಟ್ಟು ನೋಡಿ. ಅವು ದೃಶ್ಯಕ್ಕೆ ತಕ್ಕಂತೆ ಬೆಳಕು ಏರಿಸಿ ಇಳಿಸುತ್ತವೆ.

ತೀರ್ಥಹಳ್ಳಿ ವೈರಿಂಗ್:
ಸಂಜೆ ಜಾಸ್ತಿ ಅಂದಿರಲ್ಲ, ಹಾಗಾಗಿ ಲೈನನ್ನೂ ನೋಡಲೇಬೇಕು. ಮಿಣುಕುವ ಹೊತ್ತಿಗೇ ಟಿವಿ ಪ್ಲಗ್ಗಿನ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯಿರಿ. ಮಧ್ಯಾಹ್ನ ಅಳೆದರೆ ಪ್ರಯೋಜನವಿಲ್ಲ. ಮಿಕ್ಸಿ, ಪಂಪು ಹಾಕಿದಾಗ ನಿಮ್ಮ ಮನೆಯ ಬಲ್ಬೂ ಜೊತೆಗೇ ಮಂಕಾದರೆ ಸರ್ವೀಸ್ ವೈರಿನ ಜಾಯಿಂಟ್ ಅಥವಾ ಮೀಟರ್ ಬೋರ್ಡಿನ ಸ್ಕ್ರೂ ಸಡಿಲ ಇರಬಹುದು. ವೋಲ್ಟೇಜ್ ಒಮ್ಮೆ 180, ಇನ್ನೊಮ್ಮೆ 260 ದಾಟಿ ಏರಿದರೆ ಲೈನಿನ ನ್ಯೂಟ್ರಲ್ ಬಿಟ್ಟಿರುವ ಲಕ್ಷಣ. ಟಿವಿ, ಫ್ರಿಜ್ಜಿನ ಪ್ಲಗ್ ಕೂಡಲೇ ಕಿತ್ತು ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ. ಕಂಬಕ್ಕೆ ನೀವು ಕೈ ಹಾಕಬೇಡಿ.

ಸ್ಟೆಬಿಲೈಸರಿನಿಂದ ಟಕ್ ಟಕ್ ಸದ್ದು ಬರುವಾಗಲೇ ಸ್ಕ್ರೀನ್ ಹಾರಿದರೆ ಅದರ ರಿಲೇಯೇ ಕಾರಣ. ಹೆಚ್ಚಿನ ಎಲ್‌ಇಡಿ ಟಿವಿಗಳ ಹಿಂದೆ 100–240 ವೋಲ್ಟ್ ಎಂದು ಬರೆದಿರುತ್ತದೆ. ನಿಮ್ಮದರಲ್ಲೂ ಹಾಗಿದ್ದು, ಲೈನ್ 240ರ ಒಳಗಿದ್ದರೆ ಒಂದು ಸಂಜೆ ನೇರ ಹಾಕಿ ನೋಡಿ. ಇನ್ವರ್ಟರ್ ಮೇಲೆ ಇದ್ದಾಗ ಮಾತ್ರ ಮಿಣುಕುವುದಾದರೆ ಅದು ಸ್ಕ್ವೇರ್ ವೇವ್ (ಲೈನಿನ ಕರೆಂಟಿನಷ್ಟು ನಯವಲ್ಲದ ಕರೆಂಟ್ ಕೊಡುವ) ಇನ್ವರ್ಟರೋ ಅಂತ ನೋಡಿ.

ಹೊಸನಗರ ತೋಟದಮನೆ:
ನೋಡಿದೆ. ಮೆನುವೂ ಮಿಣುಕುತ್ತದೆ. ಟಾರ್ಚಿಗೆ ಚಿತ್ರ ಕಾಣುತ್ತದೆ. ಸಂಜೆ ಏಳೂವರೆಗೆ 208ರಿಂದ 214, ಅದರಾಚೆ ಈಚೆ ಹೋಗಲಿಲ್ಲ. ಸ್ಟೆಬಿಲೈಸರ್ ತೆಗೆದರೂ ಅದೇ ಕಥೆ. ಬ್ಯಾಕ್‌ಲೈಟ್ 100ರಿಂದ 40ಕ್ಕೆ ಇಳಿಸಿದರೆ ಬಹಳ ಕಡಿಮೆಯಾಗುತ್ತದೆ.

ಸಾಗರದ ಮೆಕ್ಯಾನಿಕ್:
ಹಾಗಾದರೆ ಇನ್ನು ಎರಡೇ ದಾರಿ: ಪವರ್ ಬೋರ್ಡಿನ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ವೋಲ್ಟೇಜ್ ಸಮ ಇಡುವ ಸಣ್ಣ ಡಬ್ಬಿಯಂಥ ಭಾಗ), ಇಲ್ಲವೇ ಬ್ಯಾಕ್‌ಲೈಟಿನ ಎಲ್‌ಇಡಿ ಪಟ್ಟಿ. ಬೆಳಕು ಇಳಿಸಿದಾಗ ಕಡಿಮೆಯಾಗುವುದು ಎರಡರಲ್ಲೂ ಉಂಟು, ಅದರಿಂದ ತೀರ್ಮಾನ ಆಗದು. ತಣ್ಣಗಿದ್ದಾಗ ಕೆಟ್ಟು ಬಿಸಿಯಾದಾಗ ಸರಿಯಾಗುವುದು ಮಾತ್ರ ಹೆಚ್ಚಾಗಿ ಕೆಪಾಸಿಟರಿನ ಗುಣ. ಒಳಗಿನ ದ್ರವ ಒಣಗಿದ್ದಕ್ಕೆ ತಣ್ಣಗಿದ್ದಾಗ ಒಳರೋಧ ಏರುತ್ತದೆ, ಬಿಸಿಯಾದಂತೆ ಇಳಿಯುತ್ತದೆ. ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಸಾಮಾನ್ಯವಾಗಿ ಉಲ್ಟಾ: ಬಿಸಿಯಾದ ಮೇಲೆ ಕೆಡುತ್ತದೆ.

ಖಾತ್ರಿಗೆ ಅಳೆಯಬೇಕು. ಪ್ಲಗ್ ಕಿತ್ತು ಹಿಂದಿನ ಮುಚ್ಚಳ ತೆಗೆಯಿರಿ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಡಿಸಿ ಉಳಿದಿರಬಹುದು. 2.2 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಇಕ್ಕಳದಲ್ಲಿ ಹಿಡಿದು ಅದರ ಎರಡು ಕಾಲಿಗೆ ಕೆಲವು ಸೆಕೆಂಡ್ ತಾಗಿಸಿ, ಮೀಟರಿನಲ್ಲಿ ಸೊನ್ನೆ ಹತ್ತಿರ ಬಂತೆಂದು ನೋಡಿಕೊಂಡ ಮೇಲೆಯೇ ಕೈ ಇಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪದ್ಧತಿ ಬೇಡವೇ ಬೇಡ.

ನಂತರ ಟಿವಿ ಹಾಕಿ, ಕನೆಕ್ಟರಿನ ಬಳಿ 12V ಎಂದು ಬರೆದಲ್ಲಿ ಮಿಣುಕುವಾಗ ಅಳೆಯಿರಿ. ಮೀಟರಿನ ಕಪ್ಪು ತಂತಿ ಅದೇ ಕನೆಕ್ಟರಿನ ಗ್ರೌಂಡಿಗೆ. 12 ಇರಬೇಕಾದದ್ದು 10ಕ್ಕೆ, 9ಕ್ಕೆ ಜಗ್ಗಿದರೆ ಕೆಪಾಸಿಟರ್. 12 ಅಲುಗದೆ ನಿಂತು, ಎಲ್‌ಇಡಿಗೆ ಹೋಗುವ ಕನೆಕ್ಟರಿನ ವೋಲ್ಟೇಜ್ ಮೇಲೇರಿ ಥಟ್ಟನೆ ಬಿದ್ದರೆ ಪಟ್ಟಿಯ ಯಾವುದೋ ಎಲ್‌ಇಡಿ ಓಪನ್ ಆಗುತ್ತಿದೆ, ಅಂದರೆ ಅದರ ಸಂಪರ್ಕ ಕಡಿಯುತ್ತಿದೆ. ಡ್ರೈವರ್ ಕರೆಂಟು ತಳ್ಳಲು ಹೋಗಿ ಪ್ರೊಟೆಕ್ಷನ್‌ಗೆ ಬೀಳುತ್ತದೆ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಈ ಕೆಲಸ ಮಾಡಬೇಡಿ. ಒಣ ಮಣೆಯ ಮೇಲೆ ಕೂತು, ಚಪ್ಪಲಿ ಹಾಕಿ, ಒಂದೇ ಕೈ ಬಳಸಿ.

ಮೇಗರವಳ್ಳಿ ಮಳೆ:
ಮುಚ್ಚಳ ತೆಗೆದಾಗ ಇನ್ನೊಂದು ನೋಡಿ. ನಮ್ಮ ಕಡೆಯ ಥಂಡಿಗೆ ಚಪ್ಪಟೆ ರಿಬ್ಬನ್ ಕೇಬಲ್ಲಿನ ತುದಿ ಹಸಿರುಗಟ್ಟುತ್ತದೆ, ಬೋರ್ಡಿನ ಮೇಲೆ ಬೂಸ್ಟು ಬರುತ್ತದೆ, ಹಲ್ಲಿ ಹಿಕ್ಕೆಯಂತೂ ಸರಿಯೇ. ಪ್ಲಗ್ ಕಿತ್ತ ಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಮೃದು ಬ್ರಷ್ಷಿನಿಂದ ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ಒದ್ದೆ ಬಟ್ಟೆ ತಾಗಿಸಬೇಡಿ.

ಹೊಸನಗರ ತೋಟದಮನೆ:
12 ಇರುವಲ್ಲಿ 9.4ರಿಂದ 11 ಕುಣಿಯುತ್ತಿದೆ. 1000 ಮೈಕ್ರೋಫ್ಯಾರಡ್ 16 ವೋಲ್ಟಿನ ಎರಡು ಕೆಪಾಸಿಟರಿನ ತಲೆ ಉಬ್ಬಿದೆ. 25 ವೋಲ್ಟಿನದು ಹಾಕಬಹುದಾ?

ಸಾಗರದ ಮೆಕ್ಯಾನಿಕ್:
ಹಾಕಿ, ಒಳ್ಳೆಯದೇ. ವೋಲ್ಟ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ಅಂಗಡಿಯಲ್ಲಿ 105 ಡಿಗ್ರಿ ಬಿಸಿ ತಾಳುವ, ಒಳರೋಧ ಕಡಿಮೆ ಇರುವ ಲೋ ಇಎಸ್‌ಆರ್ ಅಂತಲೇ ಕೇಳಿ. 85 ಡಿಗ್ರಿಯದು ಈ ಜಾಗಕ್ಕೆ ಬಾಳುವುದಿಲ್ಲ. ಎರಡನ್ನೂ ಒಟ್ಟಿಗೇ ಬದಲಿಸಿ. ಪಟ್ಟೆ ಇರುವ ಕಾಲು ಮೈನಸ್, ಕೀಳುವ ಮೊದಲೇ ಫೋಟೋ ತೆಗೆದಿಡಿ. ಎತ್ತರ ಜಾಸ್ತಿಯಾದರೆ ಮುಚ್ಚಳಕ್ಕೆ ತಾಗೀತು, ಅಳೆದು ತನ್ನಿ.

ಹಾಕಿದ ಮೇಲೆ ಪೂರ್ತಿ ತಣ್ಣಗಾದ ಟಿವಿಯನ್ನು ಬೆಳಗ್ಗೆ ಆನ್ ಮಾಡಿ 12 ಮತ್ತೆ ಅಳೆಯಿರಿ. 11.8ರ ಮೇಲೆ ಅಲುಗದೆ ನಿಂತರೆ ಮುಚ್ಚಳ ಹಾಕಿ. ಆಗಲೂ ಮಿಣುಕಿದರೆ ಪಟ್ಟಿ ಬದಲಿಸುವ ವಿಷಯ. ಅದಕ್ಕೆ ಪ್ಯಾನೆಲ್ ಗಾಜು ಎತ್ತಬೇಕು, ಇಬ್ಬರು ಬೇಕು. ಬರೆಯಿರಿ, ಗಾಜಿನ ಹಿಂದೆ ಬೆಳಕು ಹರಡಲು ಇರುವ ಹಾಳೆಗಳ ಅನುಕ್ರಮ ಸಮೇತ ಹೇಳುತ್ತೇನೆ.