ಮನೆ ಲ್ಯಾಪ್‌ಟಾಪಿಗೆ ಎಲ್ಲಿಯ ಸಂಸ್ಥೆ? ಶೇರ್ ಫೋಲ್ಡರ್ ತೆರೆಯುತ್ತಿಲ್ಲ

ನಿಟುವಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ. ಅಪ್ಪ ಮೊದಲು ಡಿಟಿಪಿ ಕೆಲಸ ಮಾಡುತ್ತಿದ್ದರು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು ಎಲ್ಲ ಹಳೇ ಡೆಸ್ಕ್‌ಟಾಪಿನಲ್ಲೇ ಇವೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ಆಮೇಲೆ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಫೋಲ್ಡರ್ ಶೇರ್ ಮಾಡಿ, ಪಾಸ್‌ವರ್ಡ್ ಇಲ್ಲದೆ ತೆರೆಯಲಿ ಅಂತ ಗೆಸ್ಟ್‌ಗೆ ಟಿಕ್ ಕೊಟ್ಟೆ. ತಂಗಿಯ ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆಯುತ್ತದೆ. ನನ್ನದು ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ. ಇದರಲ್ಲಿ ಮಾತ್ರ "ನಿಮ್ಮ ಸಂಸ್ಥೆಯ ಭದ್ರತಾ ನಿಯಮ ಗೆಸ್ಟ್ ಪ್ರವೇಶವನ್ನು ತಡೆದಿದೆ" ಅನ್ನುವ ಅರ್ಥದ ಎರರ್. ಮನೆಯಲ್ಲಿರುವ ಲ್ಯಾಪ್‌ಟಾಪು ಸ್ವಾಮಿ, ಎಲ್ಲಿಯ ಸಂಸ್ಥೆ? ಪಿಂಗ್ ಬರುತ್ತಿದೆ, ಅಂದರೆ ಎರಡರ ನಡುವೆ ಸಂಪರ್ಕ ಇದೆ. ಫೈರ್‌ವಾಲ್ ಆಫ್ ಮಾಡಿಯೂ ನೋಡಿದೆ.

ಮಂಡಕ್ಕಿ ಮಿರ್ಚಿ:
ವಿಂಡೋಸ್ ಫೀಚರ್ಸ್‌ಗೆ ಹೋಗಿ ಎಸ್‌ಎಂಬಿ 1 (ಫೈಲ್ ಹಂಚುವ ಹಳೇ ವಿಧಾನ) ಆನ್ ಮಾಡಿ. ನನಗೆ ಹಾಗೇ ಸರಿಹೋಯಿತು.

ದುರ್ಗದವ:
ಮಿರ್ಚಿಯವರೇ, ಬೇಡ. ನಿಮ್ಮದು ಬಹುಶಃ ತೀರಾ ಹಳೇ ರೂಟರ್ ಡಿಸ್ಕ್ ಇರಬೇಕು. ಇಲ್ಲಿರುವುದು ಮಿಂಟ್, ಅಂದರೆ ಫೋಲ್ಡರ್ ಹಂಚುವುದು ಸಾಂಬಾ ಅನ್ನುವ ಸಾಫ್ಟ್‌ವೇರ್. 2019ರಲ್ಲಿ ಬಂದ ಸಾಂಬಾ 4.11ರಿಂದಲೇ ಎಸ್‌ಎಂಬಿ 1 ತಾನಾಗಿ ಆಫ್ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಆನ್ ಮಾಡಿದರೆ ಏನೂ ಸರಿಹೋಗುವುದಿಲ್ಲ, ಸುಮ್ನೆ ಬಾಗಿಲು ತೆರೆದಿಟ್ಟ ಹಾಗೆ. 2017ರ ವಾನಾಕ್ರೈ ವೈರಸ್ ನುಗ್ಗಿದ್ದು ಅದೇ ಬಾಗಿಲಿನಿಂದ.

ನಿಟುವಳ್ಳಿಯವರೇ, ಮೊದಲು ಫೈರ್‌ವಾಲ್ ವಾಪಸ್ ಆನ್ ಮಾಡಿ. ಎರರ್‌ನಲ್ಲೇ ಉತ್ತರ ಇದೆ: ಗೆಸ್ಟ್. 24ಎಚ್2 ಪ್ರೊದಲ್ಲಿ ಎರಡು ವಿಷಯ ಬದಲಾಗಿವೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಲಾಗಿನ್ ಬಂದ್. ಜೊತೆಗೆ ಪ್ರತಿ ಪ್ಯಾಕೆಟ್ಟಿಗೂ ಸಹಿ ಬೇಕು, ಅದೇ ಎಸ್‌ಎಂಬಿ ಸೈನಿಂಗ್. ಆ ಸಹಿಯ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಸಹಿ ಎಲ್ಲಿಂದ ಬರಬೇಕು? ಎರಡನ್ನೂ ಆಫ್ ಮಾಡುವ ದಾರಿ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ನಾನು ಹೇಳುವುದಿಲ್ಲ. ನಿಮ್ಮ ವೈಫೈ ಪಾಸ್‌ವರ್ಡ್ ಕೇಳಿದ ನೆಂಟರ ಮೊಬೈಲಿಗೂ ಆ ಫೋಲ್ಡರ್ ಕಾಣುತ್ತದೆ, ಅಲ್ವಾ?

ಗೆಸ್ಟ್ ಟಿಕ್ ತೆಗೆಯಿರಿ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ.

ನಿಟುವಳ್ಳಿ ಹುಡುಗ:
ಟಿಕ್ ತೆಗೆದೆ ಅಣ್ಣ. ಈಗ ಹೆಸರು, ಪಾಸ್‌ವರ್ಡ್ ಕೇಳುತ್ತಿದೆ. ಡೆಸ್ಕ್‌ಟಾಪಿಗೆ ಲಾಗಿನ್ ಆಗುವ ಪಾಸ್‌ವರ್ಡನ್ನೇ ಕೊಟ್ಟೆ. ತಪ್ಪು ಅನ್ನುತ್ತದೆ. ನಾಲ್ಕು ಸಲ ಹೊಡೆದೆ.

ದುರ್ಗದವ:
ಎಲ್ಲರೂ ಎಡವುವುದು ಇಲ್ಲೇ, ನಾನೂ ಒಂದು ಭಾನುವಾರ ಪೂರ್ತಿ ಕಳೆದಿದ್ದೆ. ಸಾಂಬಾ ತನ್ನ ಪಾಸ್‌ವರ್ಡ್ ಪಟ್ಟಿಯನ್ನು ಬೇರೆ ಇಟ್ಟುಕೊಂಡಿರುತ್ತದೆ. ಲಿನಕ್ಸ್ ಪಾಸ್‌ವರ್ಡ್ ಅದಕ್ಕೆ ಗೊತ್ತಿಲ್ಲ. ಡೆಸ್ಕ್‌ಟಾಪಿನ ಟರ್ಮಿನಲ್‌ನಲ್ಲಿ "ಸುಡೊ ಎಸ್‌ಎಂಬಿಪಾಸ್‌ಡಬ್ಲ್ಯುಡಿ", ಸ್ಪೇಸ್, "ಮೈನಸ್ ಎ", ಸ್ಪೇಸ್, ಆಮೇಲೆ ಅಪ್ಪನ ಲಾಗಿನ್ ಹೆಸರು ಹೊಡೆಯಿರಿ. ಇಂಗ್ಲಿಷ್ ಸಣ್ಣಕ್ಷರದಲ್ಲಿ. ಮೊದಲು ಲಾಗಿನ್ ಪಾಸ್‌ವರ್ಡ್ ಕೇಳಬಹುದು. ಆಮೇಲೆ ಕೇಳುವುದೇ ಹೊಸ ಸಾಂಬಾ ಪಾಸ್‌ವರ್ಡ್, ಅದನ್ನು ಎರಡು ಸಲ ಕೊಡಿ. ಟೈಪ್ ಮಾಡುವಾಗ ಏನೂ ಕಾಣಿಸುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಲ್ಯಾಪ್‌ಟಾಪಿನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ (ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಜಾಗ) ತೆರೆದು, ಆ ಡೆಸ್ಕ್‌ಟಾಪಿನ ಹೆಸರಲ್ಲಿ ತಪ್ಪು ಪಾಸ್‌ವರ್ಡ್ ಉಳಿದಿದ್ದರೆ ಅಳಿಸಿ. ಕೇಳುವ ಕಿಟಕಿಯಲ್ಲಿ ವಿಂಡೋಸ್ ತಾನೇ ನಿಮ್ಮ ಇಮೇಲ್ ತುಂಬಿಸಿರಬಹುದು. ಬೇರೆ ಖಾತೆ ಬಳಸಿ ಅನ್ನುವುದನ್ನು ಒತ್ತಿ, ಅಪ್ಪನ ಹೆಸರು ಕೊಡಿ. ಹಾಂ, ಕರೆಂಟ್ ಹೋಗಿ ಬಂದಾಗ ಡೆಸ್ಕ್‌ಟಾಪಿನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಬದಲಾಗಬಹುದು. ರೂಟರ್‌ನಲ್ಲಿ ಅದನ್ನು ಖಾಯಂ ಮಾಡಿಬಿಡಿ.

ನಿಟುವಳ್ಳಿ ಹುಡುಗ:
ತೆರೆಯಿತು! ಇಮೇಲ್‌ದೇ ತೊಂದರೆ ಇತ್ತು, ಪಾಸ್‌ವರ್ಡಿಂದೂ ಇತ್ತು. ತಂಗಿ ಲ್ಯಾಪ್‌ಟಾಪಿಗೂ ಈಗ ಪಾಸ್‌ವರ್ಡ್ ಕೊಡಬೇಕಾಯಿತು, ಬೈದಳು. ಅಪ್ಪ ಮೊದಲು ಹುಡುಕಿದ್ದು ನನ್ನ ನಾಮಕರಣದ ಕಾರ್ಡು. ಸಿಕ್ಕಿತು, ಆದರೆ ಅಕ್ಷರವೆಲ್ಲ ಕಲಸುಮೇಲೋಗರ. ನುಡಿ ಫಾಂಟ್ ಹಾಕಬೇಕಂತೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.